ವೇನ್ ಉಸಿರಾಡುತ್ತಿದೆಯಾ? ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಕಲಿಯುವ ಬಗೆ

ಹೆರಿಗೆಯಾಗಿ ಹತ್ತು ದಿನವಾಗಿದ್ದ ಹೆಣ್ಣುಮಗಳೊಬ್ಬಳು ಎಡಗಾಲು ಊದಿಕೊಂಡು ಬಂದಿದ್ದಳು. ಬಾಣಂತಿಗೆ ಕಾಲು ಬಾವು ಬರುವುದು ಇದ್ದದ್ದೇ ಅಂತ ಮನೆಯವರು ಎರಡು ದಿನ ಬಿಸಿನೀರು ಹಾಕಿ ನೋಡಿದ್ದರು. ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಲು ಮೊದಲ ವರ್ಷದ ಪಿಜಿ ವಿದ್ಯಾರ್ಥಿ ಪ್ರೋಬ್, ಅಂದರೆ ಅಲ್ಟ್ರಾಸೌಂಡ್ ಯಂತ್ರದ ಮೈಗೆ ತಾಗಿಸುವ ಹಿಡಿ, ಹಿಡಿದು ತೊಡೆಸಂದಿನಲ್ಲಿ ಒತ್ತಿದ, ಮಂಡಿಯ ಹಿಂದೆ ಒತ್ತಿದ. ಎರಡೂ ಕಡೆ ವೇನ್ (ಹೃದಯಕ್ಕೆ ರಕ್ತ ತರುವ ನಾಳ) ಒತ್ತಿದೊಡನೆ ಮುಚ್ಚಿಕೊಂಡಿತು. "ನಾರ್ಮಲ್ ಇದೆ ಮೇಡಂ" ಅಂದ. ಅವನ ಕೈಯಿಂದ ಪ್ರೋಬ್ ತೆಗೆದುಕೊಳ್ಳದೆ ಒಂದೇ ಮಾತು ಕೇಳಿದೆ: "ವೇನ್ ಉಸಿರಾಡುತ್ತಿದೆಯಾ ನೋಡಿದೆಯಾ?"

ಆ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳುವುದಕ್ಕೆ ಈ ಲೇಖನ. ವೈದ್ಯಕೀಯ ಓದುತ್ತಿರುವವರಿಗೆ ಇದು ನೇರವಾಗಿ ಬೇಕಾದದ್ದು. ಚೀಟಿಯಲ್ಲಿ ‘ಡಾಪ್ಲರ್ ಮಾಡಿಸಿ ಬನ್ನಿ’ ಎಂದು ಬರೆಸಿಕೊಂಡು ಸ್ಕ್ಯಾನಿಂಗ್ ಕೋಣೆಯ ಹೊರಗೆ ಕಾಯುವವರಿಗೂ ಒಳಗೆ ಏನು ನಡೆಯುತ್ತದೆ ಎಂದು ಗೊತ್ತಾದರೆ ಒಳ್ಳೆಯದೇ.

ಮೊದಲಿಗೆ ಹೆಸರಿನ ಮಾತು. ಶಾಲೆಯ ಪುಸ್ತಕದಲ್ಲಿ ಹೃದಯದಿಂದ ರಕ್ತ ಒಯ್ಯುವ ನಾಳ ಅಪಧಮನಿ, ಹೃದಯಕ್ಕೆ ತರುವ ನಾಳ ಅಭಿಧಮನಿ. ಕಿವಿಗೆ ಎರಡೂ ಒಂದೇ ಥರ ಕೇಳುವುದರಿಂದ ವಾರ್ಡಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಆರ್ಟರಿ, ವೇನ್ ಎನ್ನುತ್ತೇವೆ. ಇಲ್ಲೂ ಹಾಗೇ ಹೇಳುತ್ತೇನೆ. ಇವೆರಡು ಅದಲುಬದಲಾದರೆ ಆಗುವ ಅನಾಹುತ ಸಣ್ಣದಲ್ಲ.

ಎದೆಯ ಎಕ್ಸ್‌ರೇ ಯಾರು ತೆಗೆದರೂ ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. ಸಿ.ಟಿ. ಯಂತ್ರ ತನ್ನ ಪಾಡಿಗೆ ದೇಹವನ್ನು ಹೋಳು ಹೋಳಾಗಿ ಚಿತ್ರಿಸುತ್ತದೆ. ನಾವು ಆಮೇಲೆ ಕೂತು ನೋಡಬಹುದು, ಇನ್ನೊಬ್ಬರಿಗೆ ತೋರಿಸಬಹುದು. ಅಲ್ಟ್ರಾಸೌಂಡ್ ಹಾಗಲ್ಲ. ಪ್ರೋಬ್ ಹಿಡಿದ ಕೈ ಎಲ್ಲಿ ನಿಂತಿತು, ಎಷ್ಟು ಒತ್ತಿತು, ಎತ್ತ ವಾಲಿತು ಎನ್ನುವುದರ ಮೇಲೆ ಚಿತ್ರ ನಿಂತಿದೆ. ಕೈ ಹೋಗದ ಜಾಗ ಚಿತ್ರದಲ್ಲಿ ಇರುವುದೇ ಇಲ್ಲ. ಆದ್ದರಿಂದ ರಕ್ತನಾಳದ ಸ್ಕ್ಯಾನ್ ಕಲಿಯುವುದೆಂದರೆ ಚಿತ್ರ ಓದಲು ಕಲಿಯುವುದಷ್ಟೇ ಅಲ್ಲ, ಚಿತ್ರವನ್ನು ಹುಟ್ಟಿಸಲು ಕಲಿಯುವುದು.

ಸದ್ದು ಹೋಗಿ ಬರುವ ಲೆಕ್ಕ

ಪ್ರೋಬಿನೊಳಗಿನ ಹರಳುಗಳು ವಿದ್ಯುತ್ ಕೊಟ್ಟಾಗ ಕಂಪಿಸುತ್ತವೆ, ಕಂಪನ ಬಂದು ತಾಗಿದಾಗ ವಿದ್ಯುತ್ ಕೊಡುತ್ತವೆ. ಕ್ಯೂರಿ ಸಹೋದರರು 1880–81ರಲ್ಲಿ ಗುರುತಿಸಿದ ಗುಣದ ಮೇಲೆ ಇಡೀ ಯಂತ್ರ ನಿಂತಿದೆ. ಮೆದು ಅಂಗಾಂಶದಲ್ಲಿ ಸದ್ದು ಸೆಕೆಂಡಿಗೆ 1540 ಮೀಟರ್ ಓಡುತ್ತದೆ ಎಂದು ಯಂತ್ರ ನಂಬಿಕೊಂಡಿದೆ. ಮಾರ್ದನಿ ಎಷ್ಟು ಹೊತ್ತಿಗೆ ಬಂತೋ ಅದರಿಂದ ಆಳವನ್ನು ಲೆಕ್ಕ ಹಾಕುತ್ತದೆ. ಹರಿಯುವ ರಕ್ತ ತೀರಾ ಕಡಿಮೆ ಮಾರ್ದನಿ ಕೊಡುವುದರಿಂದ ನಾಳದ ಒಳಗು ಪರದೆಯಲ್ಲಿ ಕಪ್ಪಾಗಿ ಕಾಣುತ್ತದೆ. ಬಾವಿ ಇಣುಕಿದಂತೆ ದುಂಡನೆಯ ಕಪ್ಪು.

ಅಲ್ಲಿ ರಕ್ತ ಹರಿಯುತ್ತಿದೆಯೋ ನಿಂತಿದೆಯೋ ಎನ್ನುವುದು ಆ ಕಪ್ಪಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ಆಸ್ಟ್ರಿಯಾದ ವಿಜ್ಞಾನಿ ಕ್ರಿಸ್ಟಿಯಾನ್ ಡಾಪ್ಲರ್ ಬೇಕು. ಆತ 1842ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದ ವಿಚಾರ ಜೋಡಿ ನಕ್ಷತ್ರಗಳ ಬೆಳಕಿನ ಬಣ್ಣದ ಬಗ್ಗೆ. ಮೂರು ವರ್ಷದ ನಂತರ ನೆದರ್ಲೆಂಡ್ಸಿನ ವಿಜ್ಞಾನಿ ಬೈಸ್ ಬಾಲೊ ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂರಿಸಿ ಅದು ಸದ್ದಿಗೂ ಹೊಂದುತ್ತದೆ ಎಂದು ತೋರಿಸಿದ. ರೈಲ್ವೆ ಗೇಟಿನಲ್ಲಿ ನಿಂತವರೆಲ್ಲ ಇದನ್ನು ಕೇಳಿದ್ದಾರೆ: ನಮ್ಮತ್ತ ಬರುವಾಗ ರೈಲಿನ ಕೂಗು ಏರು, ದಾಟಿದ ಮೇಲೆ ಇಳಿ. ಕೆಂಪು ರಕ್ತಕಣಗಳೂ ಹಾಗೇ. ಪ್ರೋಬಿನತ್ತ ಓಡಿಬರುವ ಕಣಗಳಿಂದ ಮರಳಿದ ಸದ್ದಿನ ಕಂಪನ ಹೆಚ್ಚು, ದೂರ ಓಡುವ ಕಣಗಳಿಂದ ಬಂದದ್ದು ಕಡಿಮೆ. ಈ ವ್ಯತ್ಯಾಸವೇ ವೇಗದ ಅಳತೆ. ಇದನ್ನು ದೇಹಕ್ಕೆ ತಂದವರಲ್ಲಿ ಮೊದಲಿಗರು ಜಪಾನಿನ ಒಸಾಕಾದ ಶಿಗೆಒ ಸತೊಮುರಾ; 1950ರ ದಶಕದಲ್ಲಿ ಅವರು ಬಡಿಯುವ ಹೃದಯದ ಮೇಲೆ ಈ ಸದ್ದನ್ನು ಹಾಯಿಸಿದರು.

ನನಗೆ ಇದರಲ್ಲಿ ತುಂಬ ಇಷ್ಟವಾಗುವ ಸಂಗತಿ ಒಂದಿದೆ. ಪ್ರೋಬ್ ಕಳಿಸುವ 5 ಮೆಗಾಹರ್ಟ್ಸ್ ಸದ್ದು ಮನುಷ್ಯರ ಕಿವಿಗೆ ಕೇಳುವುದೇ ಇಲ್ಲ. ಆದರೆ ಸೆಕೆಂಡಿಗೆ ಒಂದು ಮೀಟರ್ ಓಡುವ ರಕ್ತವನ್ನು 60 ಡಿಗ್ರಿ ಕೋನದಲ್ಲಿ ನೋಡಿದರೆ ಬರುವ ವ್ಯತ್ಯಾಸ ಸುಮಾರು 3200 ಹರ್ಟ್ಸ್. ಅದು ಚೆನ್ನಾಗಿ ಕೇಳುವ ಸದ್ದು. ಯಂತ್ರದ ಸ್ಪೀಕರಿನಲ್ಲಿ ಬರುವುದು ಹೃದಯಬಡಿತದ ರೆಕಾರ್ಡಿಂಗ್ ಅಲ್ಲ. ಆ ವ್ಯತ್ಯಾಸವನ್ನೇ ನಮಗೆ ಕೇಳಿಸುತ್ತಿದೆ, ರಕ್ತದ ವೇಗವೇ ಸ್ವರವಾಗಿದೆ. ಹಾಗಾಗಿ ಕಲಿಯುವವರಿಗೆ ನಾನು ಮೊದಲು ಹೇಳುವುದು: ವಾಲ್ಯೂಮ್ ಕಡಿಮೆ ಮಾಡಬೇಡಿ.

ಕೋನ ಎಂಬ ಬಲೆ

ಹೊಳೆ ನಮ್ಮೆದುರು ಅಡ್ಡಡ್ಡ ಹರಿಯುತ್ತಿದ್ದರೆ ನೀರು ನಮ್ಮತ್ತ ಬರುತ್ತಲೂ ಇಲ್ಲ, ದೂರ ಹೋಗುತ್ತಲೂ ಇಲ್ಲ. ಪ್ರೋಬನ್ನು ನಾಳಕ್ಕೆ ನೆಟ್ಟಗೆ 90 ಡಿಗ್ರಿಯಲ್ಲಿ ಹಿಡಿದರೆ ಆಗುವುದು ಇದೇ. ರಕ್ತ ರಭಸದಿಂದ ಓಡುತ್ತಿದ್ದರೂ ಡಾಪ್ಲರ್ ಸಂಕೇತ ಬರುವುದಿಲ್ಲ. ಹೊಸಬರು ಆ ಜಾಗ ನೋಡಿ ನಾಳ ಕಟ್ಟಿದೆ ಎಂದುಕೊಳ್ಳುತ್ತಾರೆ. ಕಟ್ಟಿರುವುದಿಲ್ಲ, ಪ್ರೋಬನ್ನು ಸ್ವಲ್ಪ ವಾಲಿಸಿದರೆ ಬಣ್ಣ ತುಂಬುತ್ತದೆ. ವಿಚಿತ್ರವೆಂದರೆ ನಾಳದ ಗೋಡೆ ಅತಿ ಚೆನ್ನಾಗಿ ಕಾಣುವುದು ಈ 90 ಡಿಗ್ರಿಯಲ್ಲೇ. ಚಂದದ ಚಿತ್ರಕ್ಕೂ ನಿಜವಾದ ವೇಗಕ್ಕೂ ಬೇರೆ ಬೇರೆ ಕೋನ ಬೇಕು ಎನ್ನುವುದನ್ನು ಕೈಗೆ ಕಲಿಸಲು ತಿಂಗಳುಗಳೇ ಹಿಡಿಯುತ್ತವೆ.

ವೇಗ ಅಳೆಯುವಾಗ ರಕ್ತ ಯಾವ ದಿಕ್ಕಿಗೆ ಓಡುತ್ತಿದೆ ಎಂದು ಯಂತ್ರಕ್ಕೆ ನಾವು ಒಂದು ಸಣ್ಣ ಗೆರೆ ತಿರುಗಿಸಿ ಹೇಳಬೇಕು. ಕೋನ 60 ಡಿಗ್ರಿ ಮೀರಬಾರದು ಎನ್ನುವುದು ನಿಯಮ. ಏಕೆಂದು ಲೆಕ್ಕ ಹಾಕಿ ನೋಡಿ. ನಿಜವಾದ ಕೋನ 60 ಇದ್ದಾಗ ಗೆರೆಯನ್ನು 65ಕ್ಕೆ ಇಟ್ಟರೆ ವೇಗ ಶೇ 18ರಷ್ಟು ಹೆಚ್ಚು ತೋರುತ್ತದೆ. ನಿಜ ಕೋನ 80 ಇದ್ದು ಗೆರೆ 85ಕ್ಕೆ ಹೋದರೆ ವೇಗ ಎರಡು ಪಟ್ಟಾಗುತ್ತದೆ. ತಪ್ಪು ಅದೇ ಐದು ಡಿಗ್ರಿ.

ಇದು ಬರೀ ಗಣಿತವಲ್ಲ. ಕುತ್ತಿಗೆಯ ಕ್ಯಾರಟಿಡ್ ಆರ್ಟರಿ ಎಷ್ಟು ಕಿರಿದಾಗಿದೆ ಎಂದು ಹೇಳುವುದು ವೇಗದ ಮೇಲೆ. 2003ರಲ್ಲಿ ಅಮೆರಿಕದ ರೇಡಿಯಾಲಜಿ ತಜ್ಞರ ಒಮ್ಮತದ ಪ್ರಕಾರ ಮಿದುಳಿಗೆ ಹೋಗುವ ಕವಲಾದ ಒಳ ಕ್ಯಾರಟಿಡ್‌ನಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ. ದಾಟಿದರೆ ಅರ್ಧಕ್ಕಿಂತ ಹೆಚ್ಚು ಕಿರಿದು, 230 ದಾಟಿದರೆ ಶೇ 70ಕ್ಕಿಂತ ಹೆಚ್ಚು. ಪಾರ್ಶ್ವವಾಯುವಿನ ಸೂಚನೆ ಆಗಲೇ ಬಂದುಹೋದ ರೋಗಿಗಳಲ್ಲಿ ಶೇ 70ರ ಗಡಿ ದಾಟಿದವರಿಗೆ ಶಸ್ತ್ರಚಿಕಿತ್ಸೆಯಿಂದ ದೊಡ್ಡ ಲಾಭ ಎಂದು ಉತ್ತರ ಅಮೆರಿಕದ ನ್ಯಾಸೆಟ್ ಅಧ್ಯಯನ 1991ರಲ್ಲಿ ತೋರಿಸಿತ್ತು. ನಿಜವಾದ ವೇಗ 200 ಇದ್ದ ರೋಗಿಯಲ್ಲಿ ಆ ಐದು ಡಿಗ್ರಿ ತಪ್ಪಿದರೆ ಪರದೆಯಲ್ಲಿ 237 ಬರುತ್ತದೆ. ಒಬ್ಬ ಮನುಷ್ಯನ ಕುತ್ತಿಗೆಗೆ ಕತ್ತಿ ತಾಗಬೇಕೋ ಬೇಡವೋ ಎನ್ನುವುದು ಒಂದು ಗುಂಡಿಯ ಸಣ್ಣ ತಿರುವಿನಲ್ಲಿದೆ. ಕ್ಯಾರಟಿಡ್ ವರದಿಯಲ್ಲಿ ಕೋನ ಕಾಣುವ ಚಿತ್ರ ಇರಲೇಬೇಕೆಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಕಿರಿದಾದ ಕಡೆ ವೇಗ ಏರುವುದೇಕೆ? ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುತ್ತದಲ್ಲ, ಹಾಗೆ. ಅಗಲ ಅರ್ಧವಾದರೆ ಹಾದಿಯ ವಿಸ್ತೀರ್ಣ ಕಾಲು ಭಾಗವಾಗುತ್ತದೆ, ಅಷ್ಟೇ ರಕ್ತ ಸಾಗಬೇಕಾದರೆ ವೇಗ ನಾಲ್ಕು ಪಟ್ಟಾಗಬೇಕು. ದೇಹದಲ್ಲಿ ರಕ್ತ ಪಕ್ಕದ ಕವಲುಗಳಲ್ಲಿ ಬೇರೆ ದಾರಿ ಹುಡುಕಿಕೊಳ್ಳುವುದರಿಂದ ಅಷ್ಟು ಏರುವುದಿಲ್ಲ. ಕಾಲಿನ ಆರ್ಟರಿಯಲ್ಲಿ ಮೇಲಿನ ಚೆನ್ನಾಗಿರುವ ಜಾಗಕ್ಕಿಂತ ವೇಗ ಎರಡು ಪಟ್ಟಾದರೆ ಅಗಲ ಅರ್ಧ ಹೋಗಿದೆ ಎಂದು ಎಣಿಸುತ್ತೇವೆ. ಇನ್ನೂ ಒಂದು ಎಚ್ಚರ: ಹೆಬ್ಬೆರಳನ್ನು ಪೂರ್ತಿ ಒತ್ತಿದರೆ ನೀರು ಚಿಮ್ಮುವುದಿಲ್ಲ, ತೊಟ್ಟಿಕ್ಕುತ್ತದೆ. ನೂಲಿನೆಳೆಯಷ್ಟೇ ಹಾದಿ ಉಳಿದ ನಾಳದಲ್ಲೂ ವೇಗ ಮತ್ತೆ ಇಳಿಯುತ್ತದೆ. ಸಂಖ್ಯೆಯನ್ನಷ್ಟೇ ನೋಡಿದವರು ಅದನ್ನು ಒಳ್ಳೆಯ ನಾಳ ಎಂದುಕೊಂಡು ಬಿಡುತ್ತಾರೆ.

ಬಣ್ಣ ನಂಬುವ ಮೊದಲು

ಕೆಂಪು ಕಂಡರೆ ಆರ್ಟರಿ, ನೀಲಿ ಕಂಡರೆ ವೇನ್ ಎನ್ನುವ ತಪ್ಪನ್ನು ಪ್ರತಿ ಬ್ಯಾಚಿನಲ್ಲೂ ಯಾರಾದರೂ ಮಾಡುತ್ತಾರೆ. ಪುಸ್ತಕದ ಚಿತ್ರಗಳಿಂದ ಬಂದ ಅಭ್ಯಾಸ ಅದು. ಯಂತ್ರದ ಬಣ್ಣ ಹೇಳುವುದು ದಿಕ್ಕನ್ನು ಮಾತ್ರ: ಸಾಮಾನ್ಯವಾಗಿ ಪ್ರೋಬಿನತ್ತ ಬರುವುದು ಕೆಂಪು, ದೂರ ಹೋಗುವುದು ನೀಲಿ. ಪ್ರೋಬನ್ನು ಇನ್ನೊಂದು ಕಡೆ ವಾಲಿಸಿದರೆ ಅದೇ ನಾಳ ಬಣ್ಣ ಬದಲಿಸುತ್ತದೆ.

ಎರಡನೆಯದು ಸ್ಕೇಲ್, ಅಂದರೆ ಎಷ್ಟು ವೇಗದವರೆಗೆ ತೋರಿಸಬೇಕು ಎಂದು ಯಂತ್ರಕ್ಕೆ ನಾವು ಇಡುವ ಮಿತಿ. ಯಂತ್ರ ಸೆಕೆಂಡಿಗೆ ಇಷ್ಟು ಸಲ ಎಂದು ರಕ್ತವನ್ನು ಇಣುಕಿ ನೋಡುತ್ತದೆ. ಸಿನಿಮಾದಲ್ಲಿ ಓಡುವ ಜಟಕಾ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನೋಡಿದ್ದೀರಿ. ಇಣುಕುವ ಗತಿ ಸಾಲದಿದ್ದಾಗ ವೇಗದ ರಕ್ತವೂ ಹಿಂದಕ್ಕೆ ಹರಿದಂತೆ ಕಾಣುತ್ತದೆ, ಕೆಂಪಿನ ನಡುವೆ ನೀಲಿ ಕಲಸಿಕೊಳ್ಳುತ್ತದೆ. ಆಗ ಸ್ಕೇಲ್ ಏರಿಸಬೇಕು. ಆದರೆ ಆರ್ಟರಿಗೆ ಏರಿಸಿದ ಸ್ಕೇಲನ್ನು ಹಾಗೇ ಬಿಟ್ಟು ವೇನ್‌ಗೆ ಹೋದರೆ ನಿಧಾನದ ಹರಿವು ಅದಕ್ಕೆ ಕಾಣುವುದೇ ಇಲ್ಲ. ಚೆನ್ನಾಗಿರುವ ವೇನ್ ಹೆಪ್ಪುಗಟ್ಟಿದಂತೆ ತೋರುತ್ತದೆ. ಗೇನ್, ಅಂದರೆ ಮರಳಿ ಬಂದ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಹೆಚ್ಚಿಟ್ಟರೆ ಇದಕ್ಕೆ ತದ್ವಿರುದ್ಧ: ಬಣ್ಣ ನಾಳದಾಚೆಗೂ ಚೆಲ್ಲಿ, ಒಳಗೆ ಅಂಟಿಕೊಂಡ ಹೆಪ್ಪನ್ನೂ ಕೊಬ್ಬಿನ ಪದರವನ್ನೂ ಮುಚ್ಚಿಹಾಕುತ್ತದೆ. ಸುಂದರವಾಗಿ ಬಣ್ಣ ತುಂಬಿದ ಚಿತ್ರವನ್ನು ಕಂಡಾಗಲೇ ನಾನು ಹೆಚ್ಚು ಅನುಮಾನಪಡುತ್ತೇನೆ.

ಅದಕ್ಕೇ ವೇನ್‌ನಲ್ಲಿ ಹೆಪ್ಪು ಹುಡುಕುವಾಗ ಬಣ್ಣಕ್ಕಿಂತ ಒತ್ತುವುದು ಮುಖ್ಯ. ವೇನ್‌ನ ಗೋಡೆ ತೆಳು. ಮೇಲಿಂದ ಹಗುರವಾಗಿ ಒತ್ತಿದರೆ ಎರಡು ಗೋಡೆ ಕೂಡಿಕೊಂಡು ಕಪ್ಪು ಮಾಯವಾಗುತ್ತದೆ. ಪಕ್ಕದ ಆರ್ಟರಿ ದುಂಡಾಗಿಯೇ ಮಿಡಿಯುತ್ತಿರುತ್ತದೆ. ಒಳಗೆ ಹೆಪ್ಪು ಇದ್ದರೆ ವೇನ್ ಮುಚ್ಚುವುದಿಲ್ಲ. ಹೊಸ ಹೆಪ್ಪು ಕೆಲವೊಮ್ಮೆ ರಕ್ತದಷ್ಟೇ ಕಪ್ಪಾಗಿರುವುದರಿಂದ ಕಣ್ಣಿಗೆ ಬೀಳದಿರಬಹುದು, ಆದರೆ ಒತ್ತಿದ ಕೈಗೆ ಸಿಕ್ಕಿಬೀಳುತ್ತದೆ. ಒತ್ತುವುದನ್ನು ಅಡ್ಡಕೊಯ್ತದ ನೋಟದಲ್ಲೇ ಮಾಡಬೇಕು. ಉದ್ದ ನೋಟದಲ್ಲಿ ಪ್ರೋಬ್ ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ವೇನ್ ಮುಚ್ಚಿತೆಂಬ ಭ್ರಮೆ ಹುಟ್ಟುತ್ತದೆ. ಹೆಪ್ಪು ಒಮ್ಮೆ ಕಂಡಮೇಲೆ ಮತ್ತೆ ಮತ್ತೆ ಅದನ್ನೇ ಒತ್ತಿ ಎಲ್ಲರಿಗೂ ತೋರಿಸುವ ಉತ್ಸಾಹ ಬೇಡ. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗುವಂಥದ್ದು.

ತುರ್ತು ಚಿಕಿತ್ಸಾ ಘಟಕದ ವೈದ್ಯರಿಗೆ ತೊಡೆಸಂದು ಮತ್ತು ಮಂಡಿಯ ಹಿಂಭಾಗ, ಈ ಎರಡು ಜಾಗದಲ್ಲಿ ಒತ್ತಿ ನೋಡುವುದನ್ನು ಕಲಿಸುತ್ತಾರೆ. ಬೇಗ ಕಲಿಯಬಹುದಾದ, ಪ್ರಾಣ ಉಳಿಸುವ ಪರೀಕ್ಷೆ. ಅದರ ಮಿತಿಯನ್ನೂ ಅಂದೇ ಕಲಿಸಬೇಕು: ಮೀನಖಂಡದೊಳಗಿನ ಹೆಪ್ಪು ಇದರಲ್ಲಿ ತಪ್ಪಿಹೋಗಬಹುದು, ಅನುಮಾನ ಉಳಿದರೆ ವಾರದೊಳಗೆ ಮತ್ತೆ ನೋಡಬೇಕು. ಕಾಲಿನ ರಕ್ತವನ್ನು ಮೇಲಕ್ಕೆ ಒಯ್ಯುವ, ಹೊಟ್ಟೆಯೊಳಗಿನ ಇಲಿಯಾಕ್ ವೇನ್ ಪ್ರೋಬಿನ ಒತ್ತಡಕ್ಕೆ ಸಿಗುವುದೇ ಇಲ್ಲ.

ಇಲ್ಲಿಗೆ ಮತ್ತೆ ಆ ಬಾಣಂತಿಯ ಬಳಿ ಬರೋಣ. ಮಲಗಿರುವ ಮನುಷ್ಯ ಉಸಿರೆಳೆದಾಗ ವಪೆ ಕೆಳಗಿಳಿದು ಹೊಟ್ಟೆಯೊಳಗೆ ಒತ್ತಡ ಹೆಚ್ಚುತ್ತದೆ, ಕಾಲಿನಿಂದ ಮೇಲೇರುವ ರಕ್ತ ತುಸು ತಡೆಯುತ್ತದೆ. ಉಸಿರು ಬಿಟ್ಟಾಗ ಮತ್ತೆ ಹರಿಯುತ್ತದೆ. ತೊಡೆಸಂದಿನ ವೇನ್ ಮೇಲೆ ಡಾಪ್ಲರ್ ಇಟ್ಟರೆ ಈ ಏರಿಳಿತ ಅಲೆಯಾಗಿ ಕಾಣುತ್ತದೆ, ದೂರದ ಗಾಳಿಯಂತೆ ಸುಯ್ಯೆಂದು ಏರಿ ಇಳಿಯುವುದು ಕೇಳುತ್ತದೆ. ವೇನ್ ಉಸಿರಾಡುವುದು ಎಂದರೆ ಇದೇ. ಮೇಲೆ ಹೊಟ್ಟೆಯೊಳಗೆ ದಾರಿ ಕಟ್ಟಿದ್ದರೆ ಉಸಿರಿನ ಸುದ್ದಿ ಕಾಲಿನವರೆಗೆ ಬರುವುದಿಲ್ಲ. ಆ ದಿನ ನಾವು ಮೊದಲು ಬಲಗಾಲಿನಲ್ಲಿ ಕೇಳಿದೆವು: ಚೆನ್ನಾಗಿ ಏರಿಳಿಯುವ ಅಲೆ. ಎಡಗಾಲಿನಲ್ಲಿ ಸಮತಟ್ಟಾದ ಒಂದೇ ಗೆರೆ, ಒಂದೇ ಶ್ರುತಿ. ಹುಡುಗ ನನ್ನ ಮುಖ ನೋಡಿದ, ಅವನಿಗೆ ಗೊತ್ತಾಗಿತ್ತು. ಸಿ.ಟಿ.ಯಲ್ಲಿ ಎಡ ಇಲಿಯಾಕ್ ವೇನ್ ತುಂಬ ಹೆಪ್ಪಿತ್ತು. ಹೆಪ್ಪು ಬೆಳೆಯದಂತೆ ತಡೆಯುವ ಔಷಧಿ ಹೆಪಾರಿನ್ ಅಷ್ಟರಲ್ಲೇ ಶುರುವಾಗಿತ್ತು.

ಎಡಗಾಲೇ ಏಕೆ? ಬಲ ಇಲಿಯಾಕ್ ಆರ್ಟರಿ ಎಡ ಇಲಿಯಾಕ್ ವೇನ್ ಮೇಲೆ ಹಾದುಹೋಗಿ ಅದನ್ನು ಬೆನ್ನುಮೂಳೆಗೆ ಒತ್ತುತ್ತದೆ. ಮೇ ಮತ್ತು ಥರ್ನರ್ ಎಂಬ ವೈದ್ಯರು 1957ರಲ್ಲಿ ಇದನ್ನು ವಿವರಿಸಿದರು. ಬಸಿರಿನಲ್ಲಿ ಗರ್ಭಕೋಶದ ಭಾರವೂ ಸೇರುತ್ತದೆ. ಬಸುರಿ, ಬಾಣಂತಿಯರ ಎಡಗಾಲು ಒಂದೇ ಊದಿದ್ದರೆ ಎರಡು ದಿನ ಕಾಯುವುದು ಬೇಡ ಎಂದು ಊರೂರಲ್ಲಿ ಹೇಳಬೇಕಾಗಿದೆ.

ಸಕ್ಕರೆ ಕಾಯಿಲೆಯ ಕಾಲು ಮತ್ತು ಪೆನ್ನಿನಂಥ ಡಾಪ್ಲರ್

ಕಾಲಿನ ಆರ್ಟರಿಗೆ ಕಿವಿಯೇ ದೊಡ್ಡ ಗುರು. ಪೆನ್ನಿನಷ್ಟು ದಪ್ಪದ, 8 ಮೆಗಾಹರ್ಟ್ಸ್‌ನ ಪುಟ್ಟ ಡಾಪ್ಲರ್ ಚಿತ್ರ ಕೊಡುವುದಿಲ್ಲ, ಸದ್ದು ಮಾತ್ರ. ಆರೋಗ್ಯವಂತ ಪಾದದಲ್ಲಿ ಒಂದು ಬಡಿತಕ್ಕೆ ಮೂರು ಹೆಜ್ಜೆ ಕೇಳುತ್ತದೆ: ಜೋರಾದ ಮುನ್ನುಗ್ಗು, ಚೂರು ಹಿನ್ನಡೆ, ಮತ್ತೆ ಮೆಲ್ಲನೆಯ ಮುನ್ನಡೆ. ವಿಶ್ರಾಂತಿಯಲ್ಲಿರುವ ಸ್ನಾಯುವಿನ ಸಣ್ಣ ನಾಳಗಳು ಬಿಗಿಯಾಗಿರುವುದರಿಂದ ಆ ಹಿನ್ನಡೆ. ಮೇಲೆಲ್ಲೋ ಆರ್ಟರಿ ಕಟ್ಟಿದರೆ ಕೆಳಗಿನ ನಾಳಗಳು ಬಾಯ್ತೆರೆದು ರಕ್ತಕ್ಕೆ ಕಾಯುತ್ತವೆ. ಹಿನ್ನಡೆ ಮಾಯವಾಗಿ ಒಂದೇ ಒಂದು ಮಂದವಾದ "ಹುಶ್" ಉಳಿಯುತ್ತದೆ. ಇದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಕಾಲಿನ ರಕ್ತದೊತ್ತಡವನ್ನು ಕೈಯ ಒತ್ತಡದಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆರ್ಟರಿ ಕಿರಿದಾಗಿದೆ ಎಂದು ಎಲ್ಲರೂ ಓದಿರುತ್ತಾರೆ. ಸಕ್ಕರೆ ಕಾಯಿಲೆ ಬಹುಕಾಲ ಇದ್ದವರಲ್ಲಿ ಆರ್ಟರಿಯ ಗೋಡೆಗೆ ಸುಣ್ಣ ಕಟ್ಟಿ ಪಟ್ಟಿ ಎಷ್ಟು ಬಿಗಿದರೂ ನಾಳ ಮುಚ್ಚುವುದಿಲ್ಲ. ಆಗ ಅನುಪಾತ 1.4 ದಾಟಬಹುದು, ಅಥವಾ ಅನ್ಯಾಯವಾಗಿ 1.0 ಎಂದು ಚೆನ್ನಾಗಿಯೇ ಬರಬಹುದು. ಬೆರಳು ಕಪ್ಪಾಗುತ್ತಿರುವ ಕಾಲಿಗೆ ಇಂಥ ಒಳ್ಳೆಯ ಸಂಖ್ಯೆ ಬರೆದು ಕಳಿಸಿದ್ದನ್ನು ಕಂಡಿದ್ದೇನೆ. ಸಂಖ್ಯೆ ಸುಳ್ಳು ಹೇಳುವಾಗ ಸದ್ದು ನಿಜ ಹೇಳುತ್ತಿರುತ್ತದೆ: ಒಂದೇ ಹೆಜ್ಜೆಯ ಮಂದ ಸದ್ದು ಕೇಳಿದರೆ ಹೆಬ್ಬೆರಳಿನ ಒತ್ತಡ ಅಳೆಯಬೇಕು, ಪೂರ್ತಿ ಸ್ಕ್ಯಾನ್ ಆಗಬೇಕು.

ಕೈಯನ್ನು ಪಳಗಿಸುವುದು

ಕಾಯಿಲೆಯ ಮೊದಲು ಆರೋಗ್ಯವನ್ನು ನೋಡಬೇಕು. ಮೊದಲ ತಿಂಗಳು ವಿದ್ಯಾರ್ಥಿಗಳು ಪರಸ್ಪರರ ಕುತ್ತಿಗೆ, ಮೊಣಕೈ, ತೊಡೆಸಂದು ನೋಡಿಕೊಳ್ಳಲಿ. ಕುತ್ತಿಗೆಯಲ್ಲಿ ಒಳ ಕ್ಯಾರಟಿಡ್ ಯಾವುದು, ಹೊರ ಕ್ಯಾರಟಿಡ್ ಯಾವುದು ಎಂದು ಅಲೆಯ ಆಕಾರದಿಂದ ಗುರುತಿಸಲಿ: ಮಿದುಳಿಗೆ ಸದಾ ರಕ್ತ ಬೇಕಾದ್ದರಿಂದ ಒಳಗಿನದರ ಹರಿವು ಬಡಿತಗಳ ನಡುವೆಯೂ ನಿಲ್ಲುವುದಿಲ್ಲ, ಮುಖಕ್ಕೆ ಹೋಗುವ ಹೊರಗಿನದು ನಡುವೆ ತೀರಾ ಕಡಿಮೆಯಾಗುತ್ತದೆ. ಕಿವಿಯ ಮುಂದೆ ಬೆರಳಿನಿಂದ ತಟ್ಟಿದರೆ ಹೊರ ಕ್ಯಾರಟಿಡ್‌ನ ಅಲೆಯಲ್ಲಿ ಸಣ್ಣ ಗರಗಸದ ಹಲ್ಲು ಮೂಡುತ್ತದೆ. ಐವತ್ತು ಒಳ್ಳೆಯ ನಾಳ ಕಂಡ ಕಣ್ಣಿಗೆ ಐವತ್ತೊಂದನೆಯದು ಕೆಟ್ಟಿದ್ದರೆ ತಾನಾಗಿ ತಿಳಿಯುತ್ತದೆ.

ಸೂಜಿ ಹಾಕುವುದನ್ನು ಮಾತ್ರ ರೋಗಿಯ ಮೇಲೆ ಕಲಿಯಬಾರದು. ಕುತ್ತಿಗೆಯ ದೊಡ್ಡ ವೇನ್‌ಗೆ ನಳಿಕೆ ಹಾಕುವಾಗ ಅಲ್ಟ್ರಾಸೌಂಡ್ ನೋಡಿಕೊಂಡೇ ಹಾಕಿ ಎಂದು ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2002ರಲ್ಲೇ ಹೇಳಿತು. ಅಭ್ಯಾಸಕ್ಕೆ ಬೆಲೆಬಾಳುವ ಬೊಂಬೆ ಬೇಕಿಲ್ಲ. ಸಿಹಿತಿಂಡಿಗೆ ಬಳಸುವ ಚೈನಾ ಗ್ರಾಸನ್ನು ಗಟ್ಟಿಯಾಗಿ ಕಾಯಿಸಿ, ಒಂದಿಷ್ಟು ಇಸಬ್‌ಗೋಲ್ ಬೆರೆಸಿ, ಬಣ್ಣದ ನೀರು ತುಂಬಿದ ಉದ್ದ ಬಲೂನನ್ನು ನಡುವೆ ಹುದುಗಿಸಿ ಡಬ್ಬಿಯಲ್ಲಿ ಆರಲು ಬಿಡಿ. ಇಸಬ್‌ಗೋಲ್ ಇದ್ದರೆ ಪರದೆಯಲ್ಲಿ ಮಾಂಸದಂತೆ ಬೂದುಬಣ್ಣ ಬರುತ್ತದೆ. ಇದರ ಮೇಲೆ ಒಂದು ಪಾಠ ಚೆನ್ನಾಗಿ ಕಲಿಯಬಹುದು: ಅಡ್ಡ ನೋಟದಲ್ಲಿ ಸೂಜಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ, ಆದರೆ ಆ ಚುಕ್ಕೆ ತುದಿಯೋ ನಡುವೋ ಚುಕ್ಕೆ ಹೇಳುವುದಿಲ್ಲ. ನಡುವನ್ನು ತುದಿ ಎಂದು ನಂಬಿದರೆ ಸೂಜಿ ಆಗಲೇ ಹಿಂದಿನ ಗೋಡೆ ತೂರಿರುತ್ತದೆ. ಪ್ರೋಬನ್ನು ಮುಂದೆ ಸರಿಸಿ ಚುಕ್ಕೆ ಮಾಯವಾಗುವ ಜಾಗ ಹುಡುಕಿ, ಮತ್ತೆ ಸೂಜಿ ಮುಂದೂಡಿ, ಮತ್ತೆ ಹುಡುಕಬೇಕು.

ನಮ್ಮ ದೇಶದಲ್ಲಿ ಕಲಿಕೆಗೆ ಇನ್ನೊಂದು ಚೌಕಟ್ಟಿದೆ. ಪ್ರತಿ ಸ್ಕ್ಯಾನಿಂಗ್ ಕೋಣೆಯ ಗೋಡೆಯ ಮೇಲೂ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕವಿರುತ್ತದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ಅಲ್ಟ್ರಾಸೌಂಡ್ ಯಂತ್ರ ನೋಂದಣಿಯಾಗಬೇಕು, ಅದನ್ನು ಬಳಸುವವರ ಅರ್ಹತೆ ದಾಖಲಾಗಬೇಕು, ಯಂತ್ರವನ್ನು ಬೇಕಾದಲ್ಲಿಗೆ ಒಯ್ಯುವಂತಿಲ್ಲ. ಹುಟ್ಟಬೇಕಿದ್ದ ಹೆಣ್ಣುಮಕ್ಕಳನ್ನು ಕಳೆದುಕೊಂಡ ಸಮಾಜಕ್ಕೆ ಈ ಕಾಯ್ದೆ ಬೇಕೇ ಬೇಕಿತ್ತು, ಈಗಲೂ ಬೇಕು. ಕಲಿಯುವವರು ಅದರೊಳಗೇ ದಾರಿ ಮಾಡಿಕೊಳ್ಳಬೇಕು: ನೋಂದಾಯಿತ ಯಂತ್ರ, ಅರ್ಹರ ಮೇಲ್ವಿಚಾರಣೆ, ಮೊದಲೇ ಗೊತ್ತುಮಾಡಿಕೊಂಡ ಸಮಯ. ಅಮೆರಿಕ, ಬ್ರಿಟನ್‌ಗಳಲ್ಲಿ ರಕ್ತನಾಳದ ಸ್ಕ್ಯಾನ್ ಮಾಡುವುದೇ ಒಂದು ಪ್ರತ್ಯೇಕ ವೃತ್ತಿ, ಅದಕ್ಕೇ ಬೇರೆ ಪರೀಕ್ಷೆಗಳಿವೆ. ಇಲ್ಲಿ ಹೆಚ್ಚಾಗಿ ರೇಡಿಯಾಲಜಿ ವೈದ್ಯರೇ ಪ್ರೋಬ್ ಹಿಡಿಯುತ್ತಾರೆ. ರಕ್ತನಾಳ ಶಸ್ತ್ರಚಿಕಿತ್ಸೆ ಕಲಿಯುವವರು ಅವರ ಪಕ್ಕ ನಿಂತು ಕಲಿಯಬೇಕು. ನಿಲ್ಲಲು ಬಿಡುವ ವಿಭಾಗ ಸಿಕ್ಕರೆ ಅದೇ ಭಾಗ್ಯ.

ವರದಿ ಬರೆದು ಕೈತೊಳೆದುಕೊಂಡರೆ ಕೈ ಪಳಗುವುದಿಲ್ಲ. ನಮ್ಮಲ್ಲಿ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇವೆ. ಎಡಪುಟದಲ್ಲಿ ವಿದ್ಯಾರ್ಥಿ ತಾನು ಕಂಡದ್ದನ್ನು, ಅಳೆದ ವೇಗವನ್ನು, ಕೋನವನ್ನು ಬರೆಯುತ್ತಾನೆ. ಬಲಪುಟದಲ್ಲಿ ಆಮೇಲೆ ಸಿ.ಟಿ. ಆಂಜಿಯೊ ಏನು ತೋರಿಸಿತು, ಆಪರೇಷನ್ನಿನಲ್ಲಿ ಏನು ಸಿಕ್ಕಿತು ಎನ್ನುವುದು. ಆ ಬಾಣಂತಿಯ ಸಾಲಿನಲ್ಲಿ ಎಡಕ್ಕೆ ಮೊದಲು ಬರೆದ ‘ನಾರ್ಮಲ್’ ಹೊಡೆದುಹಾಕದೆ ಹಾಗೇ ಇದೆ. ಅದರ ಕೆಳಗೆ ಅವನದೇ ಅಕ್ಷರದಲ್ಲಿ ‘ಎಡ ವೇನ್ ಉಸಿರಾಡುತ್ತಿಲ್ಲ’ ಎಂದಿದೆ. ಬಲಪುಟ ಖಾಲಿ ಉಳಿದ ಸಾಲುಗಳೂ ಬೇಕಾದಷ್ಟಿವೆ: ಬೇರೆ ಊರಿಗೆ ಹೋದವರು, ಮತ್ತೆ ಬಾರದವರು. ಶನಿವಾರ ಮಧ್ಯಾಹ್ನ ಒಬ್ಬರು ಕೂತು ಅವರಿಗೆಲ್ಲ ಫೋನ್ ಮಾಡುತ್ತಾರೆ, "ಕಾಲು ಈಗ ಹೇಗಿದೆ ಅಮ್ಮಾ?"